ಕಿಟಕಿ ಮೇಜಿನ ಹುಡುಗಿ

"ರೀ, ಅದು ನನ್ನ ತಟ್ಟೆ!"

ನಾನು ಅಷ್ಟು ಹೇಳುವ ಹೊತ್ತಿಗೆ ಎದುರು ಕೂತವನ ಬಾಯೊಳಗೆ ನನ್ನ ಕಡುಬು ಹೊಕ್ಕಾಗಿತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗೂ ಇಲ್ಲ. ಒಳಗಿನ ಮೀನಿನ ರಸ ಕೆಂಡದಂಥ ಬಿಸಿ. ಕಣ್ಣಲ್ಲಿ ನೀರು ತುಂಬಿಕೊಂಡು, ಅಂಗೈಯಿಂದ ಬಾಯಿಗೆ ಗಾಳಿ ಬೀಸಿಕೊಳ್ಳುತ್ತ ಅವನು ನನ್ನನ್ನೇ ನೋಡಿದ. ನಗಬಾರದೆಂದು ತುಟಿ ಕಚ್ಚಿ ಹಿಡಿದೆ. ಆಗಲಿಲ್ಲ.

"ಕ್ಷಮಿಸಿ," ಎಂದ ಕಡೆಗೂ ನುಂಗಿ. "ನಾನೂ ಅಂಜಲ್ ಮೀನಿನ ಕಡುಬೇ ಹೇಳಿದ್ದೆ. ನಂದೇ ಬಂತು ಅಂದ್ಕೊಂಡೆ."

"ನಿಮ್ದು ಇನ್ನೂ ಹಂಡೇಲಿ ಈಜಾಡ್ತಿದೆ."

"ಹಾಗಾದ್ರೆ ಅದು ದಡ ಸೇರಿದ್ಮೇಲೆ ನೀವು ಎರಡು ತಗೊಳ್ಳಿ. ಒಂದು ನಿಮ್ದು. ಇನ್ನೊಂದು ತಪ್ಪುಕಾಣಿಕೆ."

ಚಿಂಗ್‌ಡಾವ್ ಊರಿನಲ್ಲಿ ಭಾನುವಾರ ಮಧ್ಯಾಹ್ನ 'ಮೂರು ಹಾಯಿ' ಹೋಟೆಲಿನಲ್ಲಿ ಒಬ್ಬರಿಗೇ ಒಂದು ಮೇಜು ಸಿಗುವುದುಂಟೇ? ಹೊರಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಅವರೇ ಕೊಡುವ ಸೂರ್ಯಕಾಂತಿ ಬೀಜ ಸಿಪ್ಪೆ ಬಿಡಿಸಿ ತಿನ್ನುತ್ತ, ಮೈಕಿನಲ್ಲಿ ನಮ್ಮ ನಂಬರು ಕೂಗುವ ತನಕ ಕಾಯಬೇಕು. ಒಳಗೆ ಹೋದರೆ ಪರಿಚಯವಿಲ್ಲದವರ ಮೊಣಕೈಗೆ ಮೊಣಕೈ ತಾಗಿಸಿ ಊಟ. ಅವತ್ತು ಹೋಟೆಲಿನ ಒಡತಿ ಸೂನ್ ಅಕ್ಕನೇ ಅವನನ್ನು ಕರೆತಂದು, "ಯಾಲಿನ್, ಈ ಹುಡುಗನಿಗೆ ಸ್ವಲ್ಪ ಜಾಗ ಬಿಡಮ್ಮ," ಎಂದು ನನ್ನ ಮುಂದೆ ಕೂರಿಸಿದ್ದಳು. ಕಿಟಕಿ ಪಕ್ಕದ ಆ ಮೇಜು ನನ್ನದೆಂದು ಅವಳಿಗೆ ಗೊತ್ತು. ನಾನು ಅಪ್ಪನ ಹೆಗಲ ಮೇಲೆ ಕೂತು ಅಲ್ಲಿಗೆ ಬರುತ್ತಿದ್ದ ಕಾಲದಿಂದಲೂ ನೋಡಿದವಳು.

ಅವನ ಹೆಸರು ತಾನ್ ಬೋ. ಜಾಹೀರಾತು ಕಂಪನಿಯಲ್ಲಿ ಕೆಲಸ ಎಂದ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತೇನೆ ಎಂದೆ.

"ಹಾಗಾದ್ರೆ ನನ್ನ ಕಣ್ಣು ಹೇಗಿದೆ ಹೇಳಿ."

"ಪಕ್ಕದವರ ತಟ್ಟೆ ತನ್ನ ತಟ್ಟೆ ಥರ ಕಾಣ್ತಿದೆ ಅಂದ್ರೆ ತುಂಬ ಕೆಟ್ಟಿದೆ."

ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಮೊದಲೇ ಮುಚ್ಚಿಕೊಳ್ಳುತ್ತಿತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ನೆನಪಿದ್ದದ್ದು ಅದೊಂದೇ.

ಮುಂದಿನ ಭಾನುವಾರ ಅವನು ನನಗಿಂತ ಮೊದಲೇ ಸ್ಟೂಲಿನ ಮೇಲೆ ಕೂತಿದ್ದ. ಅದರ ಮುಂದಿನ ಭಾನುವಾರವೂ.

ಹಾಗೆ ಶುರುವಾಯಿತು. ವಾರವಿಡೀ ಆದದ್ದನ್ನೆಲ್ಲ ಕೂಡಿಟ್ಟುಕೊಂಡು ಅವನಿಗೆ ಹೇಳುವುದೇ ನನ್ನ ಭಾನುವಾರವಾಯಿತು. ಹಲ್ಲಿನ ಸೆಟ್ಟನ್ನು ಕನ್ನಡಕದ ಡಬ್ಬಿಯಲ್ಲಿ ಬಿಟ್ಟುಹೋದ ಅಜ್ಜನ ಕಥೆ, ಕನ್ನಡಕ ಹಾಕಿಕೊಂಡ ಕೂಡಲೇ ಗಂಡನ ಮುಖ ನೋಡಿ "ಇಷ್ಟು ವರ್ಷ ಹಾಕ್ಕೊಳ್ದೇ ಇದ್ದದ್ದೇ ಒಳ್ಳೇದಾಯ್ತು" ಎಂದ ಹೆಂಗಸಿನ ಕಥೆ. ಅವನು ಕೇಳುತ್ತಿದ್ದ ರೀತಿಯೇ ಬೇರೆ. ಚಾಪ್‌ಸ್ಟಿಕ್ ಅರ್ಧಕ್ಕೆ ನಿಲ್ಲಿಸಿ, ಮುಂದಕ್ಕೆ ಬಾಗಿ, "ಆಮೇಲೆ?" ಎನ್ನುತ್ತಿದ್ದ. ಕಿಟಕಿಯ ಬಿಸಿಲು ನನ್ನ ಮುಖಕ್ಕೆ ಬಡಿದರೆ ಪರದೆ ಎಳೆಯಲು ಮಾತ್ರ ಬಿಡುತ್ತಿರಲಿಲ್ಲ. "ಇರಲಿ ಬಿಡಿ. ಬಿಸಿಲಲ್ಲಿ ಚೆನ್ನಾಗಿ ಕಾಣ್ತೀರಿ." ಆ ಮಾತು ನನ್ನೊಳಗೆ ಎಷ್ಟು ದಿನ ಬೆಚ್ಚಗಿತ್ತೋ!

ಒಮ್ಮೊಮ್ಮೆ ಅವನ ಗೆಳೆಯ ಗೆಂಗ್ ಬರುತ್ತಿದ್ದ. ಟೋಪಿ ಹಾಕಿಕೊಂಡು ಪಕ್ಕದ ಮೇಜಿನಲ್ಲಿ ಸೌತೆಕಾಯಿ ತಿನ್ನುತ್ತ, ಫೋನಿನಿಂದ ತಲೆಯೆತ್ತದೆ ಕೂತಿರುತ್ತಿದ್ದ.

"ಅವನನ್ನೂ ಇಲ್ಲಿಗೇ ಕರೀರಿ," ಎಂದೆ ಒಮ್ಮೆ.

"ಹುಡುಗೀರ ಮುಂದೆ ಅವನಿಗೆ ಊಟ ಗಂಟಲಲ್ಲಿ ಇಳಿಯಲ್ಲ. ಗೇಮ್ ಆಡ್ಕೊಂಡಿರ್ತಾನೆ, ಬಿಡಿ."

ನಮ್ಮ ಕಡೆ ಕಡುಬಿನ ಜೊತೆ ಹಸಿ ಬೆಳ್ಳುಳ್ಳಿ ಕಚ್ಚದಿದ್ದರೆ ಊಟ ಊಟವೇ ಅಲ್ಲ. ನಾನು ಎಸಳು ಬಿಡಿಸುತ್ತ, ಅವನು ನೋಡುತ್ತಿದ್ದಾನೆಂದು ಒಂದು ದಿನ ಮತ್ತೆ ಕೆಳಗಿಟ್ಟೆ.

"ಯಾಕೆ? ತಿನ್ನಲ್ವಾ?"

"ವಾಸನೆ."

"ಯಾರಿಗೆ?"

ನಾನು ವಿನೆಗರ್ ಬಟ್ಟಲಿನಲ್ಲಿ ಇಲ್ಲದ ನೊಣವನ್ನು ಹುಡುಕತೊಡಗಿದೆ. ಅವನು ಕೈ ಚಾಚಿ, ನಾನಿಟ್ಟ ಎಸಳನ್ನು ಎರಡಾಗಿ ಮುರಿದು, ಒಂದರ್ಧ ತನ್ನ ಬಾಯಿಗೆ ಹಾಕಿಕೊಂಡು ಇನ್ನರ್ಧವನ್ನು ನನ್ನ ತಟ್ಟೆಗಿಟ್ಟ. "ಇಬ್ಬರೂ ತಿಂದ್ರೆ ಯಾರಿಗೂ ವಾಸನೆ ಬರಲ್ಲ, ಯಾಲಿನ್."

'ಯಾಲಿನ್ ಅವರೇ' ಅಲ್ಲ, ಬರೀ ಯಾಲಿನ್. ಅವತ್ತು ಸಂಜೆ ಸಮುದ್ರದ ಕಟ್ಟೆಯ ಮೇಲೆ, ಗಾಳಿ ನನ್ನ ಕೂದಲನ್ನೆಲ್ಲ ಅವನ ಮುಖಕ್ಕೆ ಹೊಡೆಯುತ್ತಿದ್ದಾಗ, ಅವನ ಮಾತು ನಿಜವೆಂದು ಇಬ್ಬರಿಗೂ ಗೊತ್ತಾಯಿತು. 'ನೀವು' ಹೋಗಿ 'ನೀನು' ಬಂತು.

ಚಳಿ ಕಳೆದು ಅಂಜಲ್ ಮೀನಿನ ಕಾಲ ಬಂತು. ನಮ್ಮೂರಿನಲ್ಲಿ ಆಗ ಅಳಿಯಂದಿರು ಮಾವನ ಮನೆಗೆ ಮೊದಲ ಅಂಜಲ್ ಒಯ್ದು ಕೊಡಬೇಕು. "ಅಂಜಲ್ ಕುಣಿದರೆ ಮಾವ ನಕ್ಕ" ಎಂದೇ ಗಾದೆ. ಮದುವೆಯಾಗದ ಹುಡುಗ ಒಯ್ದರೆ ಅದರರ್ಥ ಬಾಯಿಬಿಟ್ಟು ಹೇಳಬೇಕಿಲ್ಲ.

ಒಂದು ಬೆಳಿಗ್ಗೆ ಬಾಗಿಲು ತೆರೆದರೆ ತಾನ್ ಬೋ ನಿಂತಿದ್ದ. ತೋಳುದ್ದದ ಮೀನು, ಕಿವಿರಿಗೆ ಕೆಂಪು ರಿಬ್ಬನ್. ಹಿಂದೆ ಗೆಂಗ್, ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದರಲ್ಲಿ ಎಂದಿನಂತೆ ಫೋನು.

ಅಪ್ಪ ಬನಿಯನ್ನಿನಲ್ಲೇ ಹೊರಬಂದ. ಬಂದರಿನಲ್ಲಿ ಹಡಗು ಎಳೆಯುವ ದೋಣಿಗಳ ಇಂಜಿನ್ ನೋಡಿಕೊಂಡು ನಿವೃತ್ತನಾದವನು. ಗಟ್ಟಿ ದನಿ, ದಪ್ಪ ಬೆರಳು. ಅಮ್ಮ ಹೋದಮೇಲೆ ನನ್ನ ಜಡೆ ಹೆಣೆಯುವುದನ್ನು ಆ ಬೆರಳುಗಳೇ ಕಲಿತಿದ್ದವು. ಮೀನನ್ನು ನೋಡಿದ. ಹುಡುಗನನ್ನು ನೋಡಿದ. ನನ್ನನ್ನು ನೋಡಿದ.

"ಇದೇನಪ್ಪ, ಮೀನಿಗೆ ಮದುವೆ ಮಾಡಿಸೋಕೆ ಕರ್ಕೊಂಡು ಬಂದಂಗಿದೆ?"

"ಮೀನಿಗಲ್ಲ ಅಂಕಲ್," ಎಂದ ತಾನ್ ಬೋ, ಕಿವಿ ಕೆಂಪಾಗಿ.

ಅಪ್ಪ ನಕ್ಕ. ಇಡೀ ಮಹಡಿಗೆ ಕೇಳುವಂತೆ ನಕ್ಕ. ನಗುತ್ತಿದ್ದವನು ಹಾಗೇ ಮೀನನ್ನು ಎದೆಗೊತ್ತಿಕೊಂಡು, "ಇವಳಮ್ಮ ಇರ್ಬೇಕಿತ್ತು... ಅವಳು ಇರ್ಬೇಕಿತ್ತು ಕಣೋ," ಎಂದು ಅತ್ತುಬಿಟ್ಟ. ಅಪ್ಪ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಮ್ಮನನ್ನು ಒಯ್ದ ದಿನವೂ ಆತ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಿದ್ದ.

ತಾನ್ ಬೋ ಅಪ್ಪನ ಹೆಗಲು ಹಿಡಿದುಕೊಂಡ. ಆ ಗಳಿಗೆಯಲ್ಲಿ ನಾನು ಅವನನ್ನು ಎಷ್ಟು ಪ್ರೀತಿಸಿದೆನೆಂದರೆ, ಅವನು 'ನಾಳೆಯೇ ಮದುವೆ' ಎಂದಿದ್ದರೆ ಬನಿಯನ್ನಿನ ಅಪ್ಪನ ಜೊತೆಗೇ ಹೊರಟುಬಿಡುತ್ತಿದ್ದೆ.

ಮುಂದೆ ಕೆಲವು ವಾರ ಕಳೆದ ಮೇಲೆ, ಕಾಲೇಜು ಹುಡುಗಿಯೊಬ್ಬಳು ಕಣ್ಣು ಪರೀಕ್ಷೆಗೆ ಬಂದಳು. ಕುರ್ಚಿಯಲ್ಲಿ ಕೂರಿಸಿ, ದೀಪ ಆರಿಸಿ, ಗೋಡೆಯ ಅಕ್ಷರ ಓದು ಎಂದರೆ ಅವಳು ನನ್ನ ಮುಖವನ್ನೇ ಓದುತ್ತಿದ್ದಾಳೆ.

"ಅಕ್ಕಾ, ಬೇಜಾರಾಗ್ಬೇಡಿ... ನೀವು ಕಿಟಕಿ ಮೇಜಿನ ಹುಡುಗಿ ಅಲ್ವಾ?"

"ಏನು?"

"ಅಯ್ಯೋ, ನೀವೇ! ನಗು ಅದೇ! ನಮ್ಮ ಹಾಸ್ಟೆಲಲ್ಲಿ ಎಲ್ರೂ ನೋಡ್ತೀವಿ. ಆ ಬೆಳ್ಳುಳ್ಳಿ ಎಪಿಸೋಡ್ ನಾನು ಎಷ್ಟು ಸಲ ನೋಡಿದೀನೋ!" ಎಂದು ಫೋನ್ ತೆಗೆದು ನನ್ನ ಕೈಗಿಟ್ಟಳು.

ನನ್ನ ಮುಖ. ಕಿಟಕಿಯ ಬಿಸಿಲು. ಪಕ್ಕದ ಮೇಜಿನಿಂದ ತೆಗೆದದ್ದು. ನಾನು ಬೆಳ್ಳುಳ್ಳಿ ಕೆಳಗಿಡುತ್ತೇನೆ, ಹಿಂದೆ ಪಿಯಾನೋ ಸಂಗೀತ. "ಯಾರಿಗೆ?" ಎನ್ನುತ್ತದೆ ಅವನ ದನಿ, ಪಿಸುಮಾತೂ ಸ್ಪಷ್ಟ. ಕೊನೆಗೆ ಹಬೆಯಾಡುವ ಕಡುಬಿನ ತಟ್ಟೆ, ಅದರ ಮೇಲೆ ಅಕ್ಷರ: ಪ್ರೀತಿ ಬೇಯುವ ಜಾಗ, ಮೂರು ಹಾಯಿ.

ಹುಡುಗಿಯ ಬೆರಳು ಒಂದೊಂದನ್ನೇ ತೆರೆಯಿತು. ಮೊಟ್ಟಮೊದಲಿನದು, ಅವನು ನನ್ನ ಕಡುಬು ತಿಂದದ್ದು. ಅದೂ ಇತ್ತು. ಅಂದರೆ ನಾನು ಕೂಗುವ ಮೊದಲೇ ಕ್ಯಾಮೆರಾ ಕೂತಿತ್ತು. ಆ ಬಿಸಿ, ಆ ಕಣ್ಣೀರು, ಸೂನ್ ಅಕ್ಕ ಕರೆತಂದು ಕೂರಿಸಿದ್ದು, ಎಲ್ಲವೂ ಮೊದಲೇ ಮಾತಾಡಿಕೊಂಡದ್ದು.

"ಇದು ಮಾತ್ರ ನೋಡಿದ್ರೆ ನಂಗೆ ಅಳು ಬರತ್ತೆ ಅಕ್ಕಾ," ಎಂದಳು.

ಅಪ್ಪ. ಬನಿಯನ್ನು. ಎದೆಗೊತ್ತಿಕೊಂಡ ಮೀನು. ಲಕ್ಷಾಂತರ ಜನ ನೋಡಿದ್ದರು. ಕೆಳಗೆ ಒಬ್ಬ ಬರೆದಿದ್ದ: ಮುದುಕನ ಆಕ್ಟಿಂಗ್ ಸೂಪರ್. ಇನ್ನೊಬ್ಬ: ಮೀನಿಗೆ ಉಪ್ಪು ಹಾಕೋದೇ ಬೇಡ, ಕಣ್ಣೀರೇ ಸಾಕು.

"ಈ ಭಾನುವಾರ ನಾವೂ ಬರ್ತಿದೀವಿ," ಎಂದಳು ಆ ಹುಡುಗಿ ಸಂಭ್ರಮದಿಂದ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ. ನಿಮಗೆ ಸರ್ಪ್ರೈಸ್ ಅಲ್ವಾ ಅದು? ಅವರು ಕೇಳ್ತಾರಂತೆ... ಮದುವೆಗೆ. ನಾನು ಹೇಳ್ಳಿಲ್ಲ ಅಂದ್ಕೊಳ್ಳಿ ಅಕ್ಕಾ, ಪ್ಲೀಸ್."

ಅವಳ ಕಣ್ಣಿನ ಪವರ್ ಬರೆದುಕೊಟ್ಟು ಕಳಿಸಿದೆ. ಬಾಗಿಲು ಹಾಕಿ ಕತ್ತಲಲ್ಲೇ ಕೂತು ಎಲ್ಲವನ್ನೂ ಹುಡುಕಿ ನೋಡಿದೆ. ಸಮುದ್ರದ ಕಟ್ಟೆಯ ಸಂಜೆ ಅದರಲ್ಲಿ ಇರಲಿಲ್ಲ. ಇಲ್ಲವೆಂದು ಗೊತ್ತಾದಾಗ ಎದೆ ಹಗುರಾಯಿತು. ಹಗುರಾದದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು. ಅಷ್ಟೊಂದನ್ನು ಮಾರಿಕೊಂಡವನು ಒಂದನ್ನು ಉಳಿಸಿದ್ದಕ್ಕೆ ಖುಷಿಪಡುವಷ್ಟು ಬಡವಿಯಾಗಿದ್ದೆ ನಾನು.

ಸಂಜೆ ಅಪ್ಪ ಹಿಟ್ಟು ನಾದುತ್ತಿದ್ದ. ಹೇಗೆ ಹೇಳುವುದೆಂದು ತಿಳಿಯದೆ ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ.

"ಅಪ್ಪಾ. ಅವತ್ತು ತಾನ್ ಬೋ ಮೀನು ತಂದಿದ್ನಲ್ಲ... ಅದನ್ನ ಅವರು ವಿಡಿಯೋ ಮಾಡಿ..."

"ಗೊತ್ತು," ಎಂದ ಅಪ್ಪ.

ನಾನು ತಿರುಗಿದೆ.

"ಪಾರ್ಕಲ್ಲಿ ಚೆಸ್ ಆಡೋವಾಗ ಆ ಮುದುಕರೆಲ್ಲ ತೋರಿಸಿದ್ರು. ಆಗ್ಲೇ ಎಷ್ಟೋ ದಿನ ಆಯ್ತು. ನನ್ನನ್ನ ಈಗ ಅಲ್ಲಿ 'ಮೀನಪ್ಪ' ಅಂತಾರೆ."

"ಮತ್ತೆ ನನಗ್ಯಾಕೆ ಹೇಳ್ಳಿಲ್ಲ?"

ಅಪ್ಪ ಹಿಟ್ಟಿನಿಂದ ಕಣ್ಣು ತೆಗೆಯಲಿಲ್ಲ. "ನಿಂಗೆ ಗೊತ್ತಿದೆ ಅಂದ್ಕೊಂಡೆ, ಮಗಾ. ನೀನೂ ಸೇರ್ಕೊಂಡೇ ಮಾಡ್ತಿದೀಯ ಅಂದ್ಕೊಂಡೆ. ಈಗಿನ ಮಕ್ಕಳು ಇದನ್ನೆಲ್ಲ ಮಾಡ್ತಾರಲ್ಲ. ನಿಂಗೆ ಖುಷಿಯಾದ್ರೆ ಆಯ್ತು, ಮುದುಕ ಸ್ವಲ್ಪ ಅತ್ತಿದ್ದು ಊರಿಗೆ ಗೊತ್ತಾದ್ರೆ ಏನು ಹೋಯ್ತು ಅಂತ ಸುಮ್ನಾದೆ." ತುಸು ತಡೆದು, "ಮೊದಲೇ ಒಂದು ಮಾತು ಹೇಳಿದ್ರೆ ಒಳ್ಳೆ ಅಂಗಿನಾದ್ರೂ ಹಾಕ್ಕೊತಿದ್ದೆ ಅಂತ ಮಾತ್ರ ಅನ್ನಿಸ್ತು," ಎಂದು ನಗಲು ನೋಡಿದ.

ತಾನ್ ಬೋ ನನಗೆ ಮಾಡಿದ್ದು ಅಲ್ಲಿಯವರೆಗೆ ಬರೀ ನೋವಾಗಿತ್ತು. ಆ ಕ್ಷಣದಲ್ಲಿ ಅದು ದ್ರೋಹವಾಯಿತು. ಸ್ವಂತ ಮಗಳೇ ತನ್ನನ್ನು ಮಾರಿದಳೆಂದು ನಂಬಿಕೊಂಡು, ಅಷ್ಟು ದಿನವೂ ನನ್ನ ಅನ್ನಕ್ಕೆ ಮೀನಿನ ಒಳ್ಳೆಯ ತುಂಡನ್ನೇ ಹಾಕಿದ್ದನಲ್ಲ ನನ್ನಪ್ಪ!

"ನಂಗೆ ಗೊತ್ತಿರ್ಲಿಲ್ಲಪ್ಪಾ," ಎಂದೆ. "ನನ್ನಾಣೆ, ಗೊತ್ತಿರ್ಲಿಲ್ಲ."

ಅಪ್ಪನ ಕೈ ನಿಂತಿತು. ನನ್ನ ಮುಖ ನೋಡಿದ. ನಂಬಿದ. ಹಿಟ್ಟು ಮೆತ್ತಿದ ಕೈಯಲ್ಲೇ ನನ್ನ ತಲೆಯನ್ನು ಎಳೆದು ಹೆಗಲಿಗೆ ಒತ್ತಿಕೊಂಡು, "ಹಾಗಾದ್ರೆ ಅವನು ಸಿಗ್ಲಿ," ಎಂದ. "ಅವನನ್ನೇ ಕೊಚ್ಚಿ ಹೂರಣ ಮಾಡ್ತೀನಿ."

"ಬೇಡ. ನಾನೇ ಹೋಗ್ತೀನಿ."

ಭಾನುವಾರ ಮೂರು ಹಾಯಿಯ ಮುಂದೆ ಸಾಲು ರಸ್ತೆಯ ತಿರುವಿನವರೆಗೂ ಬೆಳೆದಿತ್ತು. ನನ್ನನ್ನು ಕಂಡು ಮೊಣಕೈಗಳು ಮೊಣಕೈಗಳನ್ನು ತಿವಿದವು. ಯಾರೂ ನಂಬರಿಗಾಗಿ ನನ್ನನ್ನು ಕಾಯಿಸಲಿಲ್ಲ. ಸೂನ್ ಅಕ್ಕ ಹೊಸ ರೇಷ್ಮೆ ಅಂಗಿಯಲ್ಲಿ ಓಡಿಬಂದು ಕೈ ಹಿಡಿದುಕೊಂಡಳು.

"ಬಾ ಚಿನ್ನ, ಬಾ. ನಿನ್ನ ಮೇಜು ಖಾಲಿ ಇಟ್ಟಿದೀನಿ."

"ಯಾಕೆ ನಾನೇ ಸಿಕ್ಕಿದ್ದು, ಅಕ್ಕಾ?" ಎಂದೆ ಮೆಲ್ಲಗೆ.

ಅವಳ ಮುಖದ ಬಣ್ಣ ಒಂದು ಗಳಿಗೆ ಹಾರಿತು. ಆಮೇಲೆ ಕಿವಿಯ ಹತ್ತಿರ ಬಾಗಿ, "ನೀನು ಅಷ್ಟು ಚೆನ್ನಾಗಿ ತಿಂತೀಯಮ್ಮ. ನಿನ್ನ ನೋಡಿದ್ರೆ ಎಂಥೋರಿಗೂ ಹಸಿವಾಗತ್ತೆ. ಒಳ್ಳೆ ಹುಡುಗನೂ ಸಿಕ್ಕಿದ್ನಲ್ಲ, ಏನು ನಷ್ಟ ಆಯ್ತು?" ಎಂದಳು. ಏನು ನಷ್ಟವಾಯಿತೆಂದು ನಿಜಕ್ಕೂ ಅವಳಿಗೆ ತಿಳಿದಿರಲಿಲ್ಲ.

ತಾನ್ ಬೋ ಬಿಳಿ ಅಂಗಿ ಹಾಕಿದ್ದ. ನನ್ನನ್ನು ಕಂಡು ಎದ್ದು ನಿಂತ. ಅದೇ ಕಣ್ಣು, ಅದೇ ನಗು. ನನ್ನ ತುಟಿಯೂ ತಾನಾಗಿ ಅರಳಿತು. ಗೊತ್ತಿದ್ದೂ ಹಾಗಾಯಿತು, ಏನು ಮಾಡಲಿ?

ತಟ್ಟೆ ಬಂತು. ಹಬೆಯ ನಡುವೆ ಒಂದು ಕಡುಬು ಮಾತ್ರ ಕೆಂಪು. ಬೀಟ್‌ರೂಟ್ ರಸದಲ್ಲಿ ಹಿಟ್ಟು ಕಲಸಿದ್ದು. ಅದರೊಳಗೆ ಉಂಗುರವಿದೆಯೆಂದು ಇಡೀ ಹೋಟೆಲಿಗೆ ಗೊತ್ತಿತ್ತು. ಎಲ್ಲರೂ ತಿನ್ನುವಂತೆ ನಟಿಸುತ್ತಿದ್ದರು. ಪಕ್ಕದ ಮೇಜಿನಲ್ಲಿ ಗೆಂಗ್.

"ಈ ಕಡೆಯಿಂದ ಶುರುಮಾಡು," ಎಂದ ತಾನ್ ಬೋ. ಕೆಂಪು ಕಡುಬು ನನ್ನ ಕಡೆ ಬರುವಂತೆ ತಟ್ಟೆ ತಿರುಗಿಸಿದ.

"ಮೊದಲು ಗೆಂಗ್‌ಗೆ ಫೋನ್ ಕೆಳಗಿಡೋಕೆ ಹೇಳು. ಆಮೇಲೆ ನೀನು ಏನು ಕೇಳ್ಬೇಕೋ ಕೇಳು."

ಅವನು ನನ್ನ ಕಡೆ ನೋಡಲಿಲ್ಲ. ಮೊದಲು ಗೆಂಗ್‌ನ ಕಡೆ ನೋಡಿದ. ಆಮೇಲೆ ಸೂನ್ ಅಕ್ಕನ ಕಡೆ. ನನ್ನ ಸರದಿ ಬರುವ ಹೊತ್ತಿಗೆ ಅವನ ಮುಖ ಬಿಳಿಚಿಕೊಂಡಿತ್ತು.

"ಯಾವಾಗ ಗೊತ್ತಾಯ್ತು?"

"ಅದು ಮುಖ್ಯಾನಾ?"

"ಯಾಲಿನ್, ಕೇಳು." ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದ. "ಎಲ್ಲ ಹೇಳ್ತೀನಿ. ಎಲ್ಲಾನೂ. ಆದ್ರೆ ಈಗ... ಎಷ್ಟು ಜನ ಬಂದಿದಾರೆ ನೋಡು. ಐದೇ ನಿಮಿಷ. ಹೂಂ ಅಂದ್ಬಿಡು ಸಾಕು, ಮಿಕ್ಕಿದ್ದು ಹೊರಗೆ ಹೋಗಿ ಮಾತಾಡೋಣ. ನನ್ನ ಮರ್ಯಾದೆ ಉಳಿಸು."

ಹೃದಯ ಒಡೆಯುತ್ತದೆ ಎನ್ನುತ್ತಾರಲ್ಲ, ಸದ್ದೇನೂ ಆಗುವುದಿಲ್ಲ. ಕಿವಿ ಮಾತ್ರ ಗುಂಯ್ ಎನ್ನುತ್ತದೆ.

"ನಮ್ಮಪ್ಪಂದು ಉಳಿಸಿದ್ಯಾ?" ಎಂದು ಕೇಳಿ ಎದ್ದೆ.

"ಇದೂ ಕಥೇಲಿ ಇದ್ಯಾ?" ಎಂದು ಹಿಂದೆ ಯಾರೋ ಕೇಳಿದರು. ಯಾರೋ "ಶ್" ಎಂದರು. ಆ ಕೆಂಪು ಕಡುಬು ತಟ್ಟೆಯಲ್ಲೇ ಆರುತ್ತಿತ್ತು.

ಅವನು ನನ್ನ ಹಿಂದೆ ಸಮುದ್ರದ ಕಟ್ಟೆಯ ತನಕ ಓಡಿಬಂದ, ಒಬ್ಬನೇ. ಉಬ್ಬರದ ಹೊತ್ತು, ಅಲೆಗಳು ಕಲ್ಲಿಗೆ ಬಡಿದು ಮೇಲೇಳುತ್ತಿದ್ದವು.

"ಮೊದಮೊದಲು ಕೆಲಸಾನೇ," ಎಂದ ಏದುಸಿರಿನಲ್ಲಿ. "ಸುಳ್ಳು ಹೇಳಲ್ಲ. ಮೂರ್ನಾಲ್ಕು ಸಲ ಮಾಡಿ ನಿಲ್ಲಿಸೋದು ಅಂತಿತ್ತು. ಆಮೇಲೆ ಜನಕ್ಕೆ ಹಿಡಿಸ್ತು. ಆಮೇಲೆ ನಂಗೆ... ನೀನು ಹಿಡಿಸ್ದೆ. ಭಾನುವಾರ ಯಾವಾಗ ಬರತ್ತೆ ಅಂತ ಕಾಯೋಕೆ ಶುರುಮಾಡ್ದೆ. ಹೇಳಿದ್ರೆ ನೀನು ಹೋಗ್ಬಿಡ್ತೀಯ ಅಂತ ಹೇಳ್ಳಿಲ್ಲ."

"ಮೀನು? ಕ್ಯಾಮೆರಾ ಇಲ್ದಿದ್ರೂ ತರ್ತಿದ್ಯಾ?"

"ತರ್ತಿದ್ದೆ."

"ಅಪ್ಪ ಅತ್ತಾಗ ಗೆಂಗ್‌ಗೆ ನಿಲ್ಸು ಅನ್ಬಹುದಿತ್ತಲ್ಲ?"

ಅವನು ಬಾಯಿ ತೆರೆದ. ಮುಚ್ಚಿದ. ತಲೆ ತಗ್ಗಿಸಿದ. ಆ ಮೌನ ಒಂದೇ ಅವನು ನನಗೆ ಕೊಟ್ಟ ಪೂರಾ ನಿಜ.

"ನಿನ್ನ ಪ್ರೀತಿಸ್ತೀನಿ, ಯಾಲಿನ್."

"ಗೊತ್ತು," ಎಂದೆ. "ನಂಬ್ತೀನಿ. ನಂಬ್ದೇ ಇದ್ದಿದ್ರೆ ಸುಲಭ ಆಗ್ತಿತ್ತು."

ಗಾಳಿಗೆ ಅವನ ಅಂಗಿಯ ಕಾಲರು ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರ ಮಡಿಕೆಯೊಳಗೆ ಅವರೆಕಾಳಿನಷ್ಟು ಕಪ್ಪು ಮೈಕು. ಅದರಲ್ಲೊಂದು ಹಸಿರು ಚುಕ್ಕೆ ಉರಿಯುತ್ತಿತ್ತು.

ನನ್ನ ನೋಟ ಹೋದ ಕಡೆ ಅವನ ಕೈ ಹೋಯಿತು. ಮುಟ್ಟಿ ನೋಡಿಕೊಂಡವನ ಮುಖ ನೋಡಲಾಗಲಿಲ್ಲ.

"ಮರ್ತಿದ್ದೆ," ಎಂದ. "ಅಮ್ಮನಾಣೆ, ಯಾಲಿನ್. ಇದು ಇದೆ ಅನ್ನೋದೇ ಮರ್ತಿದ್ದೆ."

ಅದನ್ನೂ ನಂಬಿದೆ. ಆದರೆ ಇನ್ನು ಮುಂದೆ ಅವನು ಕಿವಿಯಲ್ಲಿ ಎಂಥ ಮಾತು ಹೇಳಿದರೂ ನನ್ನ ಕಣ್ಣು ಮೊದಲು ಅವನ ಕಾಲರನ್ನು ಹುಡುಕುತ್ತದೆಂದು ಗೊತ್ತಾಗಿಹೋಯಿತು. ಹಾಗೆ ಬದುಕಲು ಬರುವುದಿಲ್ಲ ನನಗೆ.

ಹತ್ತಿರ ಹೋಗಿ ನಾನೇ ಅದನ್ನು ಬಿಡಿಸಿದೆ. ಬೆರಳು ಕುತ್ತಿಗೆಗೆ ತಾಗಿತು, ಬೆಚ್ಚಗಿತ್ತು. ಅವನು ಕಣ್ಣು ಮುಚ್ಚಿಕೊಂಡ, ಎಡಗಣ್ಣು ಮೊದಲು. ಮೈಕನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದೆ. ಕಾಲರು ಸರಿಮಾಡಿದೆ.

"ಹೋಗ್ತೀನಿ," ಎಂದೆ. 'ಬರ್ತೀನಿ' ಎನ್ನಲಿಲ್ಲ.

ಅವನು ಅದೇ ಸಂಜೆ ಎಲ್ಲ ವಿಡಿಯೋಗಳನ್ನೂ ತೆಗೆದುಹಾಕಿಸಿ ಕೆಲಸವನ್ನೂ ಬಿಟ್ಟನಂತೆ. ಕನ್ನಡಕ ಒಯ್ಯಲು ಬಂದಾಗ ಆ ಕಾಲೇಜು ಹುಡುಗಿಯೇ ಹೇಳಿದಳು. ಅದು ಆಮೇಲಿನ ಮಾತು.

ಅವತ್ತು ನಾನು ಬಸ್ಸು ಹತ್ತಿದೆ. ಕಣ್ಣು ಒಣಗಿಯೇ ಇತ್ತು. ಎರಡು ಸ್ಟಾಪ್ ದಾಟುವಷ್ಟರಲ್ಲಿ ಮುಂದೆ ಕೂತಿದ್ದ ಅಜ್ಜಿಯೊಬ್ಬಳ ಬಕೆಟ್ಟಿನಿಂದ ಏಡಿಯೊಂದು ತಪ್ಪಿಸಿಕೊಂಡು ಡ್ರೈವರನ ಸೀಟಿನ ಕೆಳಗೆ ಹೊಕ್ಕಿತು. ಡ್ರೈವರ್ ಎರಡೂ ಕಾಲು ಮೇಲೆತ್ತಿ ಕೂಗಿಕೊಂಡ, "ಅಜ್ಜೀ, ನಿನ್ನ ಮೊಮ್ಮಗನ್ನ ಕರ್ಕೋ!" ಅಜ್ಜಿ ಬಗ್ಗಿ ಏಡಿಯನ್ನೇ ಗದರಿದಳು, "ಟಿಕೆಟ್ ಇಲ್ದೆ ಎಲ್ಲಿಗೋ ಹೊರಟೆ?" ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಅಜ್ಜಿ ಅಂದದ್ದನ್ನು ಮರೆಯಬಾರದು, ಮುಂದಿನ ಭಾನುವಾರ ತಾನ್ ಬೋಗೆ ಹೇಳಬೇಕು ಅಂದುಕೊಂಡೆ.

ಅಳು ಬಂದದ್ದು ಆಗ.